ಕಾಲೇಜಿಗಿಂತ ಮೊದಲು ಬಂದ ಹಾಸ್ಟೆಲು

ಉಜಿರೆಯಲ್ಲಿ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಪದವಿ ಕಾಲೇಜು ಶುರುವಾದದ್ದು 1966ರಲ್ಲಿ. ಓದುವ ಹುಡುಗರಿಗೆ ಅನ್ನ, ಸೂರು ಕೊಡುವ ಸಿದ್ಧವನ ಗುರುಕುಲ ಅದೇ ಊರಿನಲ್ಲಿ ಹುಟ್ಟಿದ್ದು 1940ರಲ್ಲಿ. ನಡುವೆ ಇಪ್ಪತ್ತಾರು ವರ್ಷಗಳ ಅಂತರ. ಮೊದಲು ಕಾಲೇಜು ಕಟ್ಟಿ, ಮಕ್ಕಳು ಹೆಚ್ಚಾದ ಮೇಲೆ ಹಿಂಬದಿಯಲ್ಲೊಂದು ಹಾಸ್ಟೆಲು ಎಬ್ಬಿಸುವುದು ಇವತ್ತಿನ ರೂಢಿ. ಧರ್ಮಸ್ಥಳದ ಅಂದಿನ ಧರ್ಮಾಧಿಕಾರಿ ಮಂಜಯ್ಯ ಹೆಗ್ಗಡೆಯವರ ಕಾಲದಲ್ಲಿ ಕ್ರಮ ಬೇರೆಯಿತ್ತು. ಆಗ ಈ ಸೀಮೆ ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಕಾಲೇಜು ಓದಬೇಕೆಂದರೆ ಮಂಗಳೂರಿಗೆ ಇಳಿಯಬೇಕಿತ್ತು. ಹಳ್ಳಿಯ ಬಡ ಹುಡುಗನಿಗೆ ಪಾಠಕ್ಕಿಂತ ಮುಂಚೆ ಬೇಕಾದದ್ದು ರಾತ್ರಿ ಮಲಗಲು ಜಾಗ, ಎರಡು ಹೊತ್ತು ಊಟ, ಓದಲು ಬೆಳಕು ಎಂಬುದನ್ನು ಅವರು ಸರಿಯಾಗಿ ಗುರುತಿಸಿದ್ದರು. ಅದರ ಜೊತೆಗೆ ಅವರು ಇನ್ನೊಂದು ಷರತ್ತನ್ನೂ ಇಟ್ಟರು: ಇಲ್ಲಿ ಉಣ್ಣುವವನು ಇಲ್ಲಿ ದುಡಿಯಬೇಕು. ಆ ಷರತ್ತು ಇವತ್ತಿನ ಎಲ್ಲ ವಿದ್ಯಾರ್ಥಿನಿಲಯಗಳಿಗೂ ಬೇಕು ಎಂಬುದು ಈ ಲೇಖನದ ವಾದ. ಸಿದ್ಧವನವನ್ನು ಪರಿಚಯಿಸುವುದಕ್ಕೂ ಅದೇ ಸರಿಯಾದ ದಾರಿ ಎಂದುಕೊಂಡಿದ್ದೇನೆ.

ಇಲ್ಲಿ ಹಾಸ್ಟೆಲು ಏಕೆ ಬೇಕೆಂದು ತಿಳಿಯಲು ಮೊದಲು ಭೂಗೋಳ. ಮಂಗಳೂರಿನಿಂದ ಚಾರ್ಮಾಡಿ ಘಾಟಿಯ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಉಜಿರೆ ದಾಟಿದರೆ ಅದೇ ಬೆಳ್ತಂಗಡಿ ತಾಲೂಕಿನ ಮುಂಡಾಜೆ. ಸೋಮಂತಡ್ಕದ ಪೇಟೆಯನ್ನು ಬಿಟ್ಟರೆ ಊರೆಂದು ಕಣ್ಣಿಗೆ ಕಾಣುವುದು ಕಡಿಮೆ. ಮನೆಗಳು ಅಡಿಕೆ ತೋಟಗಳ ನಡುವೆ, ಗುಡ್ಡೆಯ ಬುಡದಲ್ಲಿ, ತೋಡಿನ ಆಚೆ ಒಂದೊಂದಾಗಿ ಚೆದುರಿಕೊಂಡಿವೆ. ಬಯಲುಸೀಮೆಯ ಹಳ್ಳಿಯಂತೆ ಸಾಲು ಮನೆಗಳ ಕೇರಿ ಇಲ್ಲಿಲ್ಲ. ಹಾಗಾಗಿ ಬಸ್ಸು ಹೆದ್ದಾರಿಯಲ್ಲಿ ಓಡಿದರೂ ಬಸ್ಸಿನಿಂದ ಮನೆಗೆ ಇರುವ ದಾರಿ ಉಳಿದೇ ಉಳಿಯುತ್ತದೆ. ನೆರಿಯ, ಚಾರ್ಮಾಡಿ, ಕಡಿರುದ್ಯಾವರ, ಮಲವಂತಿಗೆಯ ದಿಡುಪೆಯಂಥ ಊರುಗಳಲ್ಲಿ ಆ ದಾರಿ ಇನ್ನಷ್ಟು ಉದ್ದ; ಕಾಡಿನ ಅಂಚಿನ ಮಲೆಕುಡಿಯರ ಮನೆಗಳಿಗೆ ಎಲ್ಲಕ್ಕಿಂತ ಉದ್ದ. ಮಳೆಗಾಲದಲ್ಲಿ ತೋಡು ತುಂಬಿ ಕಾಲುಸಂಕ ಮುಳುಗಿದರೆ ಅಂದಿನ ತರಗತಿ ಹೋದಂತೆಯೇ. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿಯ ಬೆಟ್ಟಸಾಲು ಕುಸಿದು, ಮೃತ್ಯುಂಜಯ ಹೊಳೆ ಉಕ್ಕಿ, ತೋಟಗಳ ಮೇಲೆ ಮರಳು, ಮರದ ದಿಮ್ಮಿಗಳು ಬಂದು ಬಿದ್ದದ್ದನ್ನು ಈ ಭಾಗದವರು ಮರೆತಿಲ್ಲ. ಕಾಲೇಜಿನ ವರ್ಷ ಶುರುವಾಗುವುದೇ ಅಂಥ ತಿಂಗಳುಗಳಲ್ಲಿ. ಇಂಥ ನೆಲದಲ್ಲಿ ವಿದ್ಯಾರ್ಥಿನಿಲಯವಿಲ್ಲದ ಕಾಲೇಜು ಪೇಟೆಯ ಮಕ್ಕಳಿಗಷ್ಟೇ ತೆರೆದುಕೊಳ್ಳುತ್ತದೆ.

ಸಿದ್ಧವನಕ್ಕಿಂತ ಮುಂಚೆ ಓದಲು ಊರು ಬಿಟ್ಟ ಹುಡುಗನಿಗೆ ಇದ್ದ ದಾರಿ ವಾರಾನ್ನ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ, ಸಿಗದ ದಿನ ಉಪವಾಸ. ಕನ್ನಡದ ಎಷ್ಟೋ ಹಿರಿಯರು ಹೀಗೆ ಓದಿ ಮೇಲೆ ಬಂದವರು. ಆದರೆ ಆ ಬಾಗಿಲುಗಳು ಜಾತಿ ನೋಡಿ ತೆರೆಯುತ್ತಿದ್ದವು. ಬಾಗಿಲೇ ತೆರೆಯದವರ ಗತಿ ಏನು ಎಂದು ಕೇಳಿದವರು ಮಂಗಳೂರಿನ ಕುದ್ಮುಲ್ ರಂಗರಾಯರು. 1897ರಲ್ಲಿ ಅವರು ಶುರುಮಾಡಿದ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ದಲಿತ ಮಕ್ಕಳಿಗೆ ಪಾಠದೊಂದಿಗೆ ಊಟವನ್ನೂ ಕೊಟ್ಟಿತು. ಅಂಬೇಡ್ಕರ್ 1924ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭೆ ಕಟ್ಟಿ, ಮರುವರ್ಷವೇ ಸೊಲ್ಲಾಪುರದಲ್ಲಿ ವಿದ್ಯಾರ್ಥಿನಿಲಯ ತೆರೆದರು. ಆ ದಶಕ ಮುಗಿಯುವ ಹೊತ್ತಿಗೆ ಧಾರವಾಡದಲ್ಲೂ ಒಂದಾಯಿತು. ಶಾಲೆ ಸರ್ಕಾರದ್ದಿದ್ದರೂ ಪಕ್ಕದಲ್ಲಿ ಉಳಿಯಲು ನೆಲೆಯಿಲ್ಲದಿದ್ದರೆ ತಮ್ಮ ಮಕ್ಕಳು ಅದರೊಳಗೆ ಕಾಲಿಡಲಾರರು ಎಂಬುದು ಅವರು ಉಂಡ ಅನುಭವವೇ ಆಗಿತ್ತು. ಸಾತಾರಾದಲ್ಲಿ 1924ರಲ್ಲಿ ಶಾಹೂ ಬೋರ್ಡಿಂಗ್ ಕಟ್ಟಿದ ಕರ್ಮವೀರ ಭಾವುರಾವ್ ಪಾಟೀಲರು ಎಲ್ಲ ಜಾತಿಯ ಹುಡುಗರನ್ನು ಒಂದೇ ಸೂರಿನಡಿ ಇರಿಸಿ, ಒಂದೇ ಪಂಕ್ತಿಯಲ್ಲಿ ಉಣ್ಣಿಸಿ, ಹೊಲದಲ್ಲಿ ದುಡಿಸಿ ಓದಿಸಿದರು; 1927ರಲ್ಲಿ ಗಾಂಧೀಜಿ ಅಲ್ಲಿಗೆ ಹೋಗಿ ನೋಡಿದ್ದರು. ಜೈನ ಮನೆತನದ ಈ ಪಾಟೀಲರ ಪೂರ್ವಿಕರು ಮೂಡುಬಿದಿರೆಯ ಕಡೆಯಿಂದ ಹೋದವರೆಂದು ಅವರ ಜೀವನಚರಿತ್ರೆ ಹೇಳುತ್ತದೆ. ಬೆಳ್ತಂಗಡಿಯ ಪಕ್ಕದ ಊರಿನ ಬೇರು ಕೃಷ್ಣಾ ತೀರದಲ್ಲಿ ಹೀಗೆ ಚಿಗುರಿತು ಎನ್ನುವುದು ನನಗೆ ತುಂಬ ಹಿಡಿಸಿದ ಸಂಗತಿ.

ಸಿದ್ಧವನದ ದಿನ ಬೆಳಕು ಹರಿಯುವ ಮುಂಚೆ ಶುರುವಾಗುತ್ತದೆ. ಪ್ರಾರ್ಥನೆ, ಯೋಗ, ಆಮೇಲೆ ಶ್ರಮದಾನ. ಒಂದು ತಂಡ ಹಟ್ಟಿಗೆ, ಒಂದು ತೋಟಕ್ಕೆ, ಒಂದು ತರಕಾರಿ ಸಾಲುಗಳಿಗೆ, ಒಂದು ಅಡುಗೆಮನೆಗೆ, ಒಂದು ಅಂಗಳ ಗುಡಿಸಲಿಕ್ಕೆ. ಸ್ನಾನ, ತಿಂಡಿ ಮುಗಿಸಿ ಕಾಲೇಜು. ಸಂಜೆ ಮತ್ತೆ ಸ್ವಲ್ಪ ಕೆಲಸ, ಭಜನೆ, ಓದು. ಊಟಕ್ಕೂ ವಸತಿಗೂ ಹಣವಿಲ್ಲ. ಹೈಸ್ಕೂಲು ಹುಡುಗರಿಗಾಗಿ ಉಜಿರೆಯಲ್ಲೇ ಇರುವ ರತ್ನಮಾನಸವೂ ಕೃಷಿ, ಹೈನುಗಾರಿಕೆಯನ್ನು ಓದಿನ ಜೊತೆ ಸೇರಿಸಿದ ಇದೇ ಬಗೆಯ ನಿಲಯ. ಇದನ್ನೆಲ್ಲ ಶಿಸ್ತು ಎಂದು ಕರೆದು ಹೊಗಳುವವರೇ ಹೆಚ್ಚು. ನಾನು ಇದರಲ್ಲಿ ಕಾಣುವ ಬೆಲೆ ಬೇರೆ. ಹಟ್ಟಿಯ ಸರದಿ ಇವತ್ತು ಯಾರದ್ದೋ ಅವನು ಏಳದಿದ್ದರೆ ಹಸು ಕೂಗುತ್ತದೆ, ಹಾಲು ತಡವಾಗುತ್ತದೆ, ಎಲ್ಲರ ಚಾ ನಿಲ್ಲುತ್ತದೆ. ತನ್ನ ಸೋಮಾರಿತನದ ಫಲವನ್ನು ಪಕ್ಕದ ಹಾಸಿಗೆಯವನು ಉಣ್ಣುತ್ತಾನೆ ಎಂಬುದು ಹದಿನೆಂಟರ ಹುಡುಗನಿಗೆ ಅಂದೇ, ಅಲ್ಲೇ ಗೊತ್ತಾಗುತ್ತದೆ. ಇದನ್ನು ಕಲಿಸುವ ಪಠ್ಯ ಯಾವ ವಿಶ್ವವಿದ್ಯಾಲಯದಲ್ಲೂ ಇಲ್ಲ. ದುಡ್ಡು ಕೊಟ್ಟು ಉಳಿಯುವ ಹಾಸ್ಟೆಲುಗಳಲ್ಲಿ ಇದಕ್ಕೆ ಹತ್ತಿರದ್ದೆಂದರೆ ಹಳೆಯ ಡಿವೈಡಿಂಗ್ ಮೆಸ್. ತಿಂಗಳ ಒಟ್ಟು ಖರ್ಚನ್ನು ಉಂಡ ದಿನಗಳ ಲೆಕ್ಕದಲ್ಲಿ ಎಲ್ಲರಿಗೂ ಹಂಚುತ್ತಿದ್ದರು. ಹುಡುಗರಲ್ಲೇ ಒಬ್ಬ ಮೆಸ್ ಸೆಕ್ರೆಟರಿಯಾಗಿ ತರಕಾರಿ ಮಾರುಕಟ್ಟೆಗೆ ಹೋಗುತ್ತಿದ್ದ, ತಿಂಗಳ ಕೊನೆಗೆ ಬಿಲ್ಲು ಗೋಡೆಗೆ ಅಂಟಿಸಿ ಬೈಗುಳ ತಿನ್ನುತ್ತಿದ್ದ. ಈಗ ಹೆಚ್ಚಿನ ಕಡೆ ಮೆಸ್ಸು ಗುತ್ತಿಗೆದಾರನ ಕೈಗೆ ಹೋಗಿದೆ, ವರ್ಷದ ಶುಲ್ಕ ಒಟ್ಟಿಗೇ ಕಟ್ಟಿಯಾಗುತ್ತದೆ. ಸಾರು ನೀರಾದರೆ ಗೊಣಗಬಹುದು, ಅಷ್ಟೆ. ಉಳಿದುಕೊಂಡ ಮನೆಯಲ್ಲಿ ವಿದ್ಯಾರ್ಥಿ ಬರೀ ಗಿರಾಕಿಯಾಗಿದ್ದಾನೆ.

ಹಾಸ್ಟೆಲಿನಲ್ಲಿ ದುಡಿಯಬೇಕೆಂಬ ಷರತ್ತಿಗೆ ತಂದೆತಾಯಿಗಳ ಮೊದಲ ಆಕ್ಷೇಪ ಹೊತ್ತಿನದು. ನೀಟ್, ಸಿಇಟಿ, ಸೆಮಿಸ್ಟರ್ ಪರೀಕ್ಷೆಗಳ ಈ ಕಾಲದಲ್ಲಿ ಮಗ ಸಗಣಿ ಬಾಚುತ್ತ ಕೂತರೆ ಓದುವುದು ಯಾವಾಗ? ಆಕ್ಷೇಪ ಹಗುರವಾದದ್ದಲ್ಲ. ಪರೀಕ್ಷೆಯ ಅಂಕದ ಮೇಲೆ ಬಡ ಮನೆಯ ಇಡೀ ಭವಿಷ್ಯ ನಿಂತಿರುತ್ತದೆ. ಆದರೆ ಕೆಲಸಕ್ಕೆ ಹೋಗುವ ಹೊತ್ತನ್ನು ನಿಜಕ್ಕೂ ಲೆಕ್ಕ ಹಾಕಿ ನೋಡಬೇಕು. ಅಮೆರಿಕದ ಕೆಂಟಕಿ ರಾಜ್ಯದಲ್ಲಿ 1855ರಲ್ಲಿ ಶುರುವಾದ ಬೆರಿಯಾ ಕಾಲೇಜು ಬೋಧನಾ ಶುಲ್ಕ ತೆಗೆದುಕೊಳ್ಳುವುದಿಲ್ಲ. ಬದಲಿಗೆ ಪ್ರತಿಯೊಬ್ಬ ವಿದ್ಯಾರ್ಥಿಯೂ ವಾರಕ್ಕೆ ಕನಿಷ್ಠ ಹತ್ತು ಗಂಟೆ ಕ್ಯಾಂಪಸ್ಸಿನಲ್ಲಿ ದುಡಿಯಬೇಕು. ದಿನಕ್ಕೆ ಒಂದೂವರೆ ಗಂಟೆಗಿಂತ ಕಡಿಮೆ. ಮುಂಡಾಜೆಯ ಒಳಗಿನ ಮನೆಯಿಂದ ನಡೆದು, ಬಸ್ಸು ಕಾದು, ಸಂಜೆ ಅದೇ ದಾರಿಯಲ್ಲಿ ಮರಳುವ ಹುಡುಗಿ ಅಷ್ಟು ಹೊತ್ತನ್ನು ಬರೀ ಓಡಾಟಕ್ಕೆ ಕೊಡುತ್ತಾಳೆ. ಮನೆ ತಲುಪಿದ ಮೇಲೆ ಅಲ್ಲಿನ ಕೆಲಸ ಬೇರೆ. ಹಾಸ್ಟೆಲಿನ ಶ್ರಮದಾನ ಅವಳ ಓದಿನ ಹೊತ್ತನ್ನು ಕಸಿಯುವುದಿಲ್ಲ, ಬಸ್ಸು ನುಂಗುತ್ತಿದ್ದ ಹೊತ್ತನ್ನು ಉಪಯೋಗಕ್ಕೆ ತರುತ್ತದೆ. ಬೆಳಗ್ಗೆ ಐದರಿಂದ ರಾತ್ರಿ ಹನ್ನೊಂದರವರೆಗೆ ಸ್ಟಡಿ ಅವರ್ ಇಟ್ಟು ಮಕ್ಕಳನ್ನು ಕುರ್ಚಿಗೆ ಕಟ್ಟಿಹಾಕುವ ಪಿಯುಸಿ ಹಾಸ್ಟೆಲುಗಳು ನಮ್ಮಲ್ಲಿ ಬೆಳೆದಿವೆ. ಅಷ್ಟೂ ಹೊತ್ತು ಓದು ತಲೆಗೆ ಹತ್ತುತ್ತದೆ ಎಂದು ನಂಬುವುದು ಕಷ್ಟ. ಆ ಮಕ್ಕಳ ಆರೋಗ್ಯದ ಬಗ್ಗೆ ನನಗಿರುವ ಕಳವಳ ಸಣ್ಣದಲ್ಲ.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದದ್ದು. ಸಿರಿವಂತರ ಮಗ ದುಡ್ಡು ಕಟ್ಟಿ ಮಲಗಿರುವಾಗ ಬಡವನ ಮಗ ಅನ್ನಕ್ಕಾಗಿ ದುಡಿಯಬೇಕೇ? ತಲೆಮಾರುಗಳಿಂದ ಯಾರದೋ ಹಟ್ಟಿ ತೊಳೆದವರ ಮೊಮ್ಮಗನ ಕೈಗೆ ವಿದ್ಯೆಯ ಹೆಸರಿನಲ್ಲಿ ಮತ್ತೆ ಹಿಡಿಸೂಡಿ ಕೊಡುವುದು ನ್ಯಾಯವೇ? ಕೆಲವರಿಗೆ ಮಾತ್ರ ಕೆಲಸ ಹಚ್ಚುವ ನಿಲಯಕ್ಕೆ ಈ ಮಾತು ಪೂರ್ತಿ ಸಲ್ಲುತ್ತದೆ. ಶುಲ್ಕ ಕೊಟ್ಟವನಿಗೆ ವಿನಾಯಿತಿ, ಉಚಿತ ಸೀಟಿನವನಿಗೆ ಪೊರಕೆ ಎಂದಾದರೆ ಅದು ಹಳೆಯ ಜೀತಕ್ಕೆ ಹೊಸ ಅಂಗಿ ತೊಡಿಸಿದಂತೆ. ಸಾತಾರಾದ ಬೋರ್ಡಿಂಗು ಈ ತಪ್ಪಿನಿಂದ ಪಾರಾದದ್ದು ಎಲ್ಲರನ್ನೂ ದುಡಿಸಿದ್ದರಿಂದ. ಹುಟ್ಟಿನಿಂದ ಸಗಣಿ ಮುಟ್ಟದವನು ಮುಟ್ಟಿದಾಗ, ಹುಟ್ಟಿನಿಂದ ಅಡುಗೆಮನೆಯ ಹೊಸ್ತಿಲು ದಾಟದವನು ಎಲ್ಲರಿಗೂ ಅನ್ನ ಬಡಿಸಿದಾಗ ಮಾತ್ರ ಶ್ರಮಕ್ಕೆ ಅಂಟಿದ ಕೀಳುತನ ಕಳಚುತ್ತದೆ. ಹಾಗಾಗಿ ನಾನು ಇಲ್ಲಿ ಶ್ರಮವನ್ನು ಬಯಸುವುದು ಬಡವರ ನಿಲಯಗಳಿಗಷ್ಟೇ ಅಲ್ಲ. ಮೂಡುಬಿದಿರೆ, ಉಜಿರೆ, ಮಂಗಳೂರುಗಳಲ್ಲಿ ದೂರದ ಜಿಲ್ಲೆಗಳಿಂದ ಬಂದು ಶುಲ್ಕ ಕೊಟ್ಟು ಓದುವ ಸಾವಿರಾರು ಮಕ್ಕಳಿಗೆ ಅದು ಇನ್ನೂ ಹೆಚ್ಚು ಬೇಕು. ಬಟ್ಟಲು ತೊಳೆಯಲು, ಕೋಣೆ ಗುಡಿಸಲು ಯಾರಾದರೂ ಇರುತ್ತಾರೆ ಎಂದು ಇಪ್ಪತ್ತು ವರ್ಷ ನಂಬಿ ಬೆಳೆದವರು ಮುಂದೆ ಆ ಕೆಲಸ ಮಾಡುವವರ ಮುಖ ನೋಡುವುದನ್ನು ಎಲ್ಲಿ ಕಲಿಯಬೇಕು?

ಈಗ ರಸ್ತೆ ಆಗಿದೆ, ಬೈಕು ಬಂದಿದೆ, 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಪ್ರಯಾಣವೂ ಉಚಿತ, ಇನ್ನು ಹಾಸ್ಟೆಲು ಏತಕ್ಕೆ ಎಂದು ಕೇಳುವವರಿದ್ದಾರೆ. ಉಚಿತ ಟಿಕೇಟು ದೊಡ್ಡ ನೆರವೇ ಸರಿ. ಆದರೆ ದಕ್ಷಿಣ ಕನ್ನಡದ ಬಹಳಷ್ಟು ಒಳದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸು, ಅದೂ ದಿನಕ್ಕೆ ಕೆಲವೇ ಸಲ. ಟಿಕೇಟು ಉಚಿತವಾದ ಮಾತ್ರಕ್ಕೆ ಕೊನೆಯ ಬಸ್ಸು ತಡವಾಗಿ ಹೊರಡುವುದಿಲ್ಲ. ಗ್ರಂಥಾಲಯ, ಆಟದ ಬಯಲು, ಯಕ್ಷಗಾನ ತರಬೇತಿ, ನಾಟಕದ ತಾಲೀಮು ಎಲ್ಲ ಶುರುವಾಗುವುದೇ ಆ ಬಸ್ಸು ಹೊರಡುವ ಹೊತ್ತಿಗೆ. ಹಾಸ್ಟೆಲು ಸಿಗದವರಿಗೆ ಸರ್ಕಾರ 2013–14ರಿಂದ ವಿದ್ಯಾಸಿರಿ ಯೋಜನೆಯಲ್ಲಿ ತಿಂಗಳಿಗೆ 1500 ರೂಪಾಯಿಯಂತೆ ಹತ್ತು ತಿಂಗಳು ಕೊಡಲು ನಿಗದಿ ಮಾಡಿತು. ದಿನಕ್ಕೆ 50 ರೂಪಾಯಿ. ಬಾಡಿಗೆ ಕೋಣೆ, ಊಟ ಎರಡನ್ನೂ ಅದರಲ್ಲಿ ತೂಗಿಸುವುದು ಹೇಗೆಂದು ಯಾವ ವಿದ್ಯಾರ್ಥಿಯನ್ನು ಕೇಳಿದರೂ ಉತ್ತರ ಸಿಗುತ್ತದೆ. ಒಟ್ಟಿಗೆ ಬೇಯಿಸಿ ಒಟ್ಟಿಗೆ ಉಣ್ಣುವ, ಸ್ವಂತ ಹಾಲು, ತರಕಾರಿ ಬೆಳೆದುಕೊಳ್ಳುವ ನಿಲಯದಲ್ಲಿ ಅದೇ ಹಣ ಎಷ್ಟೋ ದೂರ ನಡೆಯುತ್ತದೆ.

ಸಿದ್ಧವನದ ಮಾದರಿ ಎಲ್ಲ ಪ್ರಶ್ನೆಗೂ ಉತ್ತರ ಕೊಟ್ಟಿದೆ ಎಂದು ನಾನು ಹೇಳಲಾರೆ. ಗುರುಕುಲದ ಕಲ್ಪನೆಯಲ್ಲಿ ಕೆಲಸ ಶಿಷ್ಯನದು, ನಿಯಮ ಗುರುವಿನದು. ಭಜನೆಗೆ ಕೂರುವುದು, ಮಲಗುವುದು, ಏಳುವುದು ಎಲ್ಲ ಮೊದಲೇ ನಿಶ್ಚಿತ. ಉಚಿತವಾಗಿ ಸಾಕುವ ಧಾರ್ಮಿಕ ಸಂಸ್ಥೆಗೆ ತನ್ನ ಕ್ರಮ ಇರುವುದು ಸಹಜ, ಅದನ್ನು ತಿಳಿದೇ ಹುಡುಗರು ಸೇರುತ್ತಾರೆ. ಆದರೆ ಸಾರ್ವಜನಿಕ ಹಣದ ನಿಲಯಗಳಲ್ಲಿ ದುಡಿಮೆಯ ಜೊತೆ ತೀರ್ಮಾನವೂ ವಿದ್ಯಾರ್ಥಿಗಳ ಕೈಗೆ ಬರಬೇಕು. ರ‍್ಯಾಗಿಂಗ್ ವಿಷಯದಲ್ಲೇ ನೋಡಿ: 1983ರ ಕರ್ನಾಟಕ ಶಿಕ್ಷಣ ಕಾಯ್ದೆ ಅದನ್ನು ನಿಷೇಧಿಸಿದರೂ 2009ರಲ್ಲಿ ಯುಜಿಸಿ ಮತ್ತೆ ಕಠಿಣ ನಿಯಮ ತರಬೇಕಾಯಿತು. ಹಿರಿಯರಿಗೆ ಮಾಡಲು ಜವಾಬ್ದಾರಿಯ ಕೆಲಸವಿಲ್ಲದ, ಕಿರಿಯರಿಗೆ ಹೇಳಲು ವೇದಿಕೆಯಿಲ್ಲದ ಕಡೆ ಸೀನಿಯರ್ ಎಂಬುದು ಬರೀ ದರ್ಪದ ಪದವಿಯಾಗಿಬಿಡುತ್ತದೆ. ಹೊಸಬನಿಗೆ ಹಾಲು ಕರೆಯುವುದನ್ನು, ಐವತ್ತು ಜನರಿಗೆ ಅನ್ನ ಬಾಗಿಸುವುದನ್ನು ಹೇಳಿಕೊಡುವ ಹಿರಿಯನಿಗೆ ಗೌರವ ಬೆದರಿಸದೆಯೇ ಸಿಗುತ್ತದೆ.

ಹೆಣ್ಣುಮಕ್ಕಳ ನಿಲಯಗಳ ಮಾತಂತೂ ತುರ್ತಿನದು. ಹುಡುಗರ ಗೇಟು ತಡವಾಗಿ, ಹುಡುಗಿಯರ ಗೇಟು ಕತ್ತಲಾಗುವ ಮುಂಚೆ ಮುಚ್ಚುವುದು ರಾಜ್ಯದ ಹಲವು ಕಡೆ ಕಾಣುವ ಪದ್ಧತಿ. ಮನೆಯವರು ಒಪ್ಪಿ ಕಳಿಸಬೇಕಾದರೆ ಈ ಬಿಗಿ ಅಗತ್ಯ ಎಂಬ ಸಮಜಾಯಿಷಿ ಸುಳ್ಳೇನಲ್ಲ; ದೂರದ ಹಳ್ಳಿಯ ತಾಯಿಗೆ ಬೀಗದ ಗೇಟೇ ಧೈರ್ಯ. ಆದರೂ ಅದೇ ಕ್ಯಾಂಪಸ್ಸಿನ ಗ್ರಂಥಾಲಯ ರಾತ್ರಿ ಎಂಟರವರೆಗೆ ತೆರೆದಿದ್ದು, ಅದರ ಬೆಳಕು ಹುಡುಗರಿಗೆ ಮಾತ್ರ ಸಿಗುವುದಾದರೆ ಪರೀಕ್ಷೆಯ ಪೈಪೋಟಿ ಅಲ್ಲಿಗೇ ಅಸಮವಾಯಿತು. ಗೇಟಿನಿಂದ ಗ್ರಂಥಾಲಯದವರೆಗೆ ದೀಪ ಹಾಕಿಸಿ, ತಂಡ ಕಟ್ಟಿಕೊಂಡು ಹೋಗಿ ಬರುವ ಸರದಿಯನ್ನು ಹುಡುಗಿಯರ ಸಮಿತಿಯೇ ನಡೆಸಬಹುದು. ಅದೇ ಸಮಿತಿ ತಿಂಗಳ ಮೆಸ್ ಲೆಕ್ಕ ನೋಡಬಹುದು, ಹಿತ್ತಿಲಲ್ಲಿ ಹರಿವೆ, ಬೆಂಡೆ ಹಾಕಿಸಬಹುದು, ವಾರ್ಡನ್ ಜೊತೆ ಕೂತು ಸಮಯ ನಿಗದಿ ಮಾಡಬಹುದು. ಸರ್ಕಾರದ ಮೆಟ್ರಿಕ್ ನಂತರದ ವಿದ್ಯಾರ್ಥಿನಿಲಯಗಳಲ್ಲಿ ಇದಕ್ಕೆ ಹೊಸ ಕಟ್ಟಡ ಬೇಡ, ದೊಡ್ಡ ಅನುದಾನವೂ ಬೇಡ. ಪಿಯುಸಿ ಫಲಿತಾಂಶ ಬಂದು ಮುಂಡಾಜೆ, ನೆರಿಯ, ದಿಡುಪೆಯ ಮನೆಗಳಲ್ಲಿ ಮುಂದಿನ ಓದಿನ ಮಾತು ಏಳುವ ಹೊತ್ತಿಗೆ ಬೆಳ್ತಂಗಡಿ ತಾಲೂಕಿನ ಒಂದೇ ಒಂದು ಸರ್ಕಾರಿ ನಿಲಯ ಇದನ್ನು ಒಂದು ವರ್ಷ ನಡೆಸಿ, ತನ್ನ ಖರ್ಚು, ಹಾಜರಿ, ಫಲಿತಾಂಶಗಳನ್ನು ಊರಿನ ಮುಂದೆ ಇಡಲಿ.