ಸೆಟ್ಟಿನ ಸಂಸಾರ

ಕನಕಪುರದಿಂದ ಮಳವಳ್ಳಿಯ ಕಡೆಗೆ ಸಾಗುವ ಹೆದ್ದಾರಿಗೆ ಚನ್ನಪಟ್ಟಣದ ದಾರಿ ಬಂದು ಕೂಡುವ ಊರು ಸಾತನೂರು. ಸುತ್ತಲೂ ರಾಗಿಯ ಹೊಲ, ಹಿಪ್ಪುನೇರಳೆಯ ತೋಟ, ದೂರದಲ್ಲಿ ಬಂಡೆಗಲ್ಲಿನ ಬೆಟ್ಟಗಳು. ಈ ಊರಿನ ನಾಲ್ಕು ದಾರಿ ಕೂಡುವ ಕಡೆ ಒಂದು ಹಗಲು ಕಿವಿಗೊಟ್ಟು ನಿಂತವರಿಗೆ ಇಂಗ್ಲಿಷಿನ ಒಂದು ಪುಟ್ಟ ಪದ ಎಷ್ಟು ವೇಷಗಳಲ್ಲಿ ಓಡಾಡುತ್ತಿದೆ ಎಂಬುದು ತಿಳಿದೀತು. ಹೋಟೆಲಿನಲ್ಲಿ ಮಾಣಿ ಒಳಗೆ ಕೂಗಿ ಹೇಳುವುದು ‘ಒಂದು ಸೆಟ್ಟು’ ಎಂದು. ಬರುವುದು ಮೆತ್ತನೆಯ ಮೂರು ದೋಸೆ. ವಿದ್ಯುತ್ ಕಛೇರಿಗೆ ಅರ್ಜಿ ಹಿಡಿದು ಹೊರಟ ರೈತನ ಕಾಗದದಲ್ಲಿರುವುದು ಪಂಪ್‌ಸೆಟ್ಟು. ಬಳೆಯಂಗಡಿಯ ಮುಂದೆ ನಿಂತ ಹೆಣ್ಣುಮಕ್ಕಳು ಕೇಳುವುದು ಸರಕ್ಕೆ ಹೊಂದುವ ಓಲೆಯಿರುವ ಸೆಟ್ಟು. ಬಸ್ಸಿಗೆ ಕಾದ ಹಿರಿಯರೊಬ್ಬರ ಬಾಯಲ್ಲಿ ಹೊಳೆಯುತ್ತಿರುವುದು ಹಲ್ಲಿನ ಸೆಟ್ಟು. ಅವರ ಪಕ್ಕದ ಹುಡುಗ ಗೆಳೆಯನಿಗೆ ಹೇಳುತ್ತಾನೆ: “ಅದು ನಮಗೆ ಸೆಟ್ ಆಗಲ್ಲ ಕಣೋ!”

ಇಷ್ಟು ಮನೆಗಳಲ್ಲಿ ಸಂಸಾರ ಹೂಡಿದ ಈ ಪದದ ಹುಟ್ಟೂರಿನ ವೃತ್ತಾಂತವೂ ಸ್ವಾರಸ್ಯವಾದುದೇ. ಇಂಗ್ಲಿಷಿನಲ್ಲಿ ಅತ್ಯಂತ ಹೆಚ್ಚು ಅರ್ಥಗಳಿರುವ ಪದ ಯಾವುದೆಂಬ ಪ್ರಶ್ನೆಗೆ ಬಹುಕಾಲ ಸಿಗುತ್ತಿದ್ದ ಉತ್ತರ ಇದೇ. 1989ರಲ್ಲಿ 20 ಸಂಪುಟಗಳಲ್ಲಿ ಹೊರಬಂದ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೆಯ ಆವೃತ್ತಿಯಲ್ಲಿ ‘ಸೆಟ್’ ಎಂಬ ಕ್ರಿಯಾಪದಕ್ಕೆ 430ಕ್ಕೂ ಹೆಚ್ಚು ಅರ್ಥಗಳನ್ನು ಕೊಟ್ಟಿದೆ; ವಿವರಣೆಗೆ ತಗುಲಿದ್ದು ಸುಮಾರು 60,000 ಪದಗಳು. ಒಂದು ಪದಕ್ಕೆ ಒಂದು ಕಾದಂಬರಿಯಷ್ಟು ಬರಹ! 2011ರಲ್ಲಿ ಪರಿಷ್ಕರಣವು ‘ರನ್’ ಎಂಬ ಪದವನ್ನು ಮುಟ್ಟಿದಾಗ ಅದಕ್ಕೆ 645 ಅರ್ಥಗಳು ಲೆಕ್ಕಕ್ಕೆ ಸಿಕ್ಕು, ‘ಸೆಟ್’ ತನ್ನ ಹಿರಿತನವನ್ನು ಬಿಟ್ಟುಕೊಡಬೇಕಾಯಿತು.

ಮೂರಕ್ಷರದ ಈ ಪದದೊಳಗೆ ನಿಜವಾಗಿ ಎರಡು ಪದಗಳು ಅಡಗಿವೆ. ಒಂದು ಹಳೆಯ ಇಂಗ್ಲಿಷಿನ ಕ್ರಿಯಾಪದ. ಕೂರು ಎಂಬರ್ಥದ ‘ಸಿಟ್’ ಇದೆಯಲ್ಲ, ಅದರ ಪ್ರೇರಣಾರ್ಥಕ ರೂಪವೇ ‘ಸೆಟ್’. ನಮ್ಮಲ್ಲಿ ‘ಕೂರು’ ಎಂಬುದರಿಂದ ‘ಕೂರಿಸು’ ಆದ ಹಾಗೆ. ಇನ್ನೊಂದು ನಾಮಪದ, ಅದು ಲ್ಯಾಟಿನ್ನಿನ ‘ಸೆಕ್ಟಾ’ ಎಂಬ ಮೂಲದಿಂದ ಫ್ರೆಂಚಿನ ಮೂಲಕ ಬಂದದ್ದು. ಒಬ್ಬನ ಹಿಂದೆ ನಡೆಯುವವರ ಪಂಗಡ ಎಂಬುದು ಅದರ ಮೊದಲಿನ ಅರ್ಥ. ಕೂರಿಸುವ ಸೆಟ್ಟೂ ಪಂಗಡದ ಸೆಟ್ಟೂ ಧ್ವನಿಯಲ್ಲಿ ಒಂದೇ ಆದದ್ದರಿಂದ ಕಾಲಕ್ರಮದಲ್ಲಿ ಒಂದರ ಅರ್ಥ ಇನ್ನೊಂದರೊಳಗೆ ಹರಿದು ಬೆರೆತುಹೋಯಿತು. ಸಾತನೂರಿನ ದೋಸೆ, ಓಲೆ, ಹಲ್ಲುಗಳೆಲ್ಲ ಪಂಗಡದ ಕಡೆಯವು. ಹುಡುಗನ ‘ಸೆಟ್ ಆಗಲ್ಲ’ ಎಂಬುದು ಕೂರಿಸುವ ಕಡೆಯದು.

ಇಷ್ಟೊಂದು ಅರ್ಥ ಹೊತ್ತ ಪದ ನಮ್ಮಲ್ಲಿಲ್ಲವೆಂದು ಯಾರೂ ಕುಗ್ಗಬೇಕಾಗಿಲ್ಲ. ‘ಇಡು’ ಎಂಬ ನಮ್ಮ ಎರಡಕ್ಷರದ ಧಾತುವನ್ನೇ ನೋಡಿ. ಮಗುವಿಗೆ ಹೆಸರಿಡುತ್ತೇವೆ, ಹಣೆಗೆ ಬೊಟ್ಟಿಡುತ್ತೇವೆ, ಹೊಸ ಮನೆಗೆ ಕಾಲಿಡುತ್ತೇವೆ, ಕಷ್ಟ ಬಂದರೆ ಒಡವೆಯನ್ನು ಅಡವಿಡುತ್ತೇವೆ. ಕೋಳಿ ಮೊಟ್ಟೆಯಿಡುತ್ತದೆ, ಕಳ್ಳ ಕಣ್ಣಿಡುತ್ತಾನೆ, ಸಾಲಗಾರ ಮೊರೆಯಿಡುತ್ತಾನೆ. ಒಂದೊಂದಕ್ಕೂ ಇಂಗ್ಲಿಷಿನವರು ಬೇರೆ ಬೇರೆ ಕ್ರಿಯಾಪದ ಹುಡುಕಬೇಕು. ಹಾಗೆಯೇ ಅವರ ‘ಸೆಟ್’ ಕನ್ನಡಕ್ಕೆ ಬಂದಾಗ ನಾವೂ ಬೇರೆ ಬೇರೆ ಮಾತು ಹುಡುಕಬೇಕು. ಅವರು ಅದೊಂದೇ ಪದವನ್ನು ಬಳಸುವ ಕಡೆ ನಮ್ಮಲ್ಲಿ ಸೂರ್ಯ ಕಂತುತ್ತಾನೆ, ಮುರಿದ ಮೂಳೆಯನ್ನು ಕೂಡಿಸುತ್ತಾರೆ, ಉಂಗುರಕ್ಕೆ ಹರಳು ಕೂರಿಸುತ್ತಾರೆ, ಬೇಟೆಗಾರ ಬಲೆಯೊಡ್ಡುತ್ತಾನೆ, ಅಚ್ಚುಕೂಟದಲ್ಲಿ ಮೊಳೆ ಜೋಡಿಸುತ್ತಿದ್ದರು, ಪಯಣಿಗ ಹೊರಡುತ್ತಾನೆ. ಎಲ್ಲಿ ಒಂದು ಪದ ಸಾಕು, ಎಲ್ಲಿ ಹತ್ತು ಬೇಕು ಎಂಬುದನ್ನು ಪ್ರತಿಯೊಂದು ಭಾಷೆಯೂ ತನ್ನ ಬಾಳುವೆಗೆ ತಕ್ಕಂತೆ ತೀರ್ಮಾನಿಸಿಕೊಳ್ಳುತ್ತದೆ.

ಹೀಗಿರುವಾಗ ನಮ್ಮೂರಿಗೆ ಬಂದ ಸೆಟ್ಟನ್ನು ಹೇಗೆ ಕಾಣಬೇಕು? ವಸ್ತುವಿನ ಜೊತೆ ಬಂದ ಪದಗಳ ವಿಷಯದಲ್ಲಿ ಜಗಳವೇ ಇಲ್ಲ. ಯಂತ್ರವೂ ಅದನ್ನು ತಿರುಗಿಸುವ ಮೋಟಾರೂ ಕೂಡಿ ಪಂಪ್‌ಸೆಟ್ಟು. ಕಪಿಲೆ, ಏತಗಳಿಂದ ನೀರೆತ್ತುತ್ತಿದ್ದ ನೆಲಕ್ಕೆ ಅದು ಬಂದಾಗ ಹೆಸರನ್ನೂ ತಂದಿತು. ಇಂದು ಕರ್ನಾಟಕದಲ್ಲಿ 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪ್‌ಸೆಟ್ಟುಗಳಿಗೆ ಉಚಿತ ವಿದ್ಯುತ್ತು. ಸಾತನೂರಿನ ರೈತನ ಪಾಲಿಗೆ ಈ ಪದ ಅನ್ನದ ಪದವೇ ಆಗಿದೆ. ಅದನ್ನು ‘ನೀರೆತ್ತುವ ಯಂತ್ರಸಮುಚ್ಚಯ’ವೆಂದು ತಿದ್ದಹೊರಟರೆ ಪಂಡಿತರಿಗೆ ತೃಪ್ತಿಯಾದೀತು, ಗದ್ದೆಗೆ ನೀರು ಹರಿಯದು.

ಇನ್ನು ಕೆಲವು ಕಡೆ ಕನ್ನಡ ಈ ಅತಿಥಿಗೆ ತನ್ನ ಬಟ್ಟೆಯನ್ನೇ ತೊಡಿಸಿದೆ. ಇದಕ್ಕೆ ಸೊಗಸಾದ ನಿದರ್ಶನ ಸಿನಿಮಾ ಪುಟಗಳ ‘ಸೆಟ್ಟೇರಿತು’ ಎಂಬ ಮಾತು. ಚಿತ್ರೀಕರಣ ಆರಂಭವಾಯಿತೆಂದು ಹೇಳಲು ಇಂಗ್ಲಿಷಿನವರು ‘ಸೆಟ್ಟನ್ನು ಏರುವುದಿಲ್ಲ’. ಏರಿದವರು ನಾವು. ರಾಜಕುಮಾರ ಪಟ್ಟವೇರುತ್ತಾನೆ, ಮದುಮಗಳು ಹಸೆಮಣೆಯೇರುತ್ತಾಳೆ, ಕೃತಿ ರಂಗವೇರುತ್ತದೆ. ಅದೇ ಸಾಲಿನಲ್ಲಿ ಚಿತ್ರವೂ ಸೆಟ್ಟೇರಿತು. ಪದ ಪರದೇಶದ್ದು, ಗೌರವ ನಮ್ಮದು.

ಈ ಸೀಮೆಗೆ ಸಿನಿಮಾ ಸೆಟ್ಟಿನ ನಂಟು ವಿಶೇಷವಾದುದು. ರಮೇಶ್ ಸಿಪ್ಪಿಯವರ ‘ಶೋಲೆ’ ಚಿತ್ರಕ್ಕಾಗಿ ರಾಮನಗರದ ರಾಮದೇವರ ಬೆಟ್ಟದ ಬಂಡೆಗಳ ನಡುವೆ ಇಡೀ ಒಂದು ಹಳ್ಳಿಯನ್ನೇ ಕಟ್ಟಿದರು. ಕಲಾನಿರ್ದೇಶಕ ರಾಮ್ ಯಡೇಕರ್. 1973ರ ಅಕ್ಟೋಬರಿನಲ್ಲಿ ಚಿತ್ರೀಕರಣ ಆರಂಭವಾಯಿತು. ಚಿತ್ರ ತೆರೆಕಂಡದ್ದು 1975ರ ಆಗಸ್ಟ್ 15ರಂದು. ಆ ಸೆಟ್ಟು ಎಂದೋ ಕಳಚಿಹೋಗಿದೆ. ಬೆಟ್ಟ 2012ರಿಂದ ರಣಹದ್ದುಗಳ ಧಾಮವಾಗಿದೆ. ಆದರೂ ನೆಂಟರು ಬಂದರೆ ಊರವರು ಬೆಟ್ಟದ ಕಡೆ ಕೈತೋರಿ ‘ಅಲ್ಲೇ ಶೋಲೆ ಸೆಟ್ ಹಾಕಿದ್ದು’ ಎನ್ನುತ್ತಾರೆ. ‘ಹಾಕಿದ್ದು’ ಎಂಬುದನ್ನು ಗಮನಿಸಬೇಕು. ಚಪ್ಪರ ಹಾಕುವ, ಡೇರೆ ಹಾಕುವ ಜನರ ಮಾತು ಇದು.

ಆದರೆ ವಸ್ತುಗಳ ಗುಂಪಿಗೆಲ್ಲ ‘ಸೆಟ್’ ಎನ್ನುವ ಅಭ್ಯಾಸ ಬೆಳೆದಲ್ಲಿ ಸ್ವಲ್ಪ ನಷ್ಟವಿದೆ. ಸಂತೆಗೆ ಹೋದವರಿಗೆ ತಿಳಿದಿರುವಂತೆ ಕನ್ನಡದಲ್ಲಿ ಗುಂಪು ಒಂದೇ ಬಗೆಯದಲ್ಲ. ಬಾಳೆಹಣ್ಣು ಚಿಪ್ಪು, ವೀಳ್ಯದೆಲೆ ಕಟ್ಟು, ಹುಲ್ಲು ಹೊರೆ, ಎತ್ತು ಜೊತೆ. ಚಿಪ್ಪೆಂದರೆ ಹಣ್ಣಿನ ಹಿಡಿ ಕಣ್ಣಿಗೆ ಬರುತ್ತದೆ. ಹೊರೆಯೆಂದರೆ ಹೊತ್ತ ತಲೆ ನೆನಪಾಗುತ್ತದೆ. ಚನ್ನಪಟ್ಟಣದ ಅರಗಿನ ಬಣ್ಣದ ಗೊಂಬೆಗಳನ್ನು ಪೆಟ್ಟಿಗೆಯಲ್ಲಿಟ್ಟು ‘ಒಂದು ಸೆಟ್’ ಎಂದು ಮಾರಲಿ, ಚಿಂತೆಯಿಲ್ಲ. ಮನೆಗೆ ತಂದ ಮೇಲೆ ದಸರೆಯಲ್ಲಿ ನಾವು ಅವನ್ನು ‘ಕೂರಿಸು’ತ್ತೇವೆ. ಶಾಲೆಯ ಗಣಿತ ಪುಸ್ತಕವೂ ‘ಗಣ’ವೆಂಬ ಅಚ್ಚುಕಟ್ಟಾದ ಮಾತನ್ನು ಇಟ್ಟುಕೊಂಡಿದೆ. ಛಂದಸ್ಸು ಓದಿದವರಿಗೆ ಅದು ಹಳೆಯ ಗೆಳೆಯ.

ನಿಜವಾದ ಅಪಾಯವಿರುವುದು ನಾಮಪದದಲ್ಲಲ್ಲ. ‘ಸೆಟ್ ಆಗು’ ಎಂಬ ಕ್ರಿಯಾಪದದಲ್ಲಿ. ಮೊಸರಿಗೆ ಹಾಲು ಸೆಟ್ ಆಯಿತು, ಬರ್ಫಿ ಸೆಟ್ ಆಯಿತು, ಬಣ್ಣ ಸೆಟ್ ಆಯಿತು, ಹವೆ ಸೆಟ್ ಆಯಿತು, ಸಂಬಂಧ ಸೆಟ್ ಆಯಿತು, ಮಗ ಬೆಂಗಳೂರಿನಲ್ಲಿ ಸೆಟ್ ಆದ. ಇಷ್ಟು ಕೆಲಸಕ್ಕೆ ನಮ್ಮಲ್ಲಿ ಎಷ್ಟು ಮಾತುಗಳಿದ್ದವೆಂದು ಎಣಿಸಿ. ಮೊಸರು ಹೆಪ್ಪುಗಟ್ಟುತ್ತದೆ. ಪಾಕ ಹದಕ್ಕೆ ಬರುತ್ತದೆ. ಬಣ್ಣ ಮೈಗೆ ಒಪ್ಪುತ್ತದೆ. ಊರಿನ ನೀರು ಒಗ್ಗುತ್ತದೆ. ಸಂಬಂಧ ಕುದುರುತ್ತದೆ, ಜಾತಕ ಕೂಡಿಬರುತ್ತದೆ. ಅತ್ತೆ ಸೊಸೆ ಹೊಂದಿಕೊಳ್ಳುತ್ತಾರೆ. ಕೆಲಸಕ್ಕೆ ಕೈ ಪಳಗುತ್ತದೆ. ಮಗ ನೆಲೆಯೂರುತ್ತಾನೆ. ಒಗ್ಗುವುದು ಒಡಲಿನ ಸಂಗತಿ, ಒಪ್ಪುವುದು ಕಣ್ಣಿನದು, ಹೊಂದುವುದು ಮನಸ್ಸಿನದು. ಒಂದು ಪರದೇಶದ ಪದ ಬಂದು ಈ ಎಲ್ಲರ ಕೆಲಸವನ್ನೂ ತಾನೇ ಮಾಡತೊಡಗಿದರೆ ಇವರೆಲ್ಲ ಮನೆಯಿಂದ ಹೊರನಡೆಯುತ್ತಾರೆ.

ಇದು ಕೇವಲ ವ್ಯಾಕರಣದ ಕೊರಗಲ್ಲ. ನನ್ನ ಬಳಿ ಓದುತ್ತಿದ್ದ ವಿದ್ಯಾರ್ಥಿಯೊಬ್ಬ ನಡುವೆಯೇ ಕಾಲೇಜು ಬಿಡಲು ನಿಶ್ಚಯಿಸಿದ್ದ. ರೇಷ್ಮೆ ಬೆಳೆಯುವ ಮನೆಯ ಹುಡುಗ. ಕಾರಣ ಕೇಳಿದರೆ, “ಸೆಟ್ ಆಗ್ತಿಲ್ಲ ಸಾರ್” ಎಂದಷ್ಟೇ ಹೇಳಿದ. ಮನೆಯವರಿಗೂ ಅದನ್ನೇ ಹೇಳಿದ್ದ. ಅವರು ಅದನ್ನು ಸೋಮಾರಿತನವೆಂದು ತಿಳಿದು ಬೈದಿದ್ದರು. “ಹಾಸ್ಟೆಲಿನ ಊಟ ಒಗ್ಗುತ್ತಿಲ್ಲವೇನಪ್ಪ? ಜೊತೆಯ ಹುಡುಗರಲ್ಲಿ ಹೊಂದಿಕೆಯಿಲ್ಲವೇ? ಪಾಠ ತಲೆಗೆ ಹತ್ತುತ್ತಿಲ್ಲವೇ?” ಎಂದು ಒಂದೊಂದಾಗಿ ಕೇಳಿದೆ. ಕಡೆಯ ಪ್ರಶ್ನೆಗೆ ಅವನು ತಲೆ ತಗ್ಗಿಸಿದ. ಇಂಗ್ಲಿಷಿನಲ್ಲಿ ನಡೆಯುವ ಎರಡು ವಿಷಯಗಳ ಪಾಠ ಅವನಿಗೆ ಹತ್ತುತ್ತಿರಲಿಲ್ಲ. ಊಟದ ತೊಂದರೆಗೆ ಒಂದು ಪರಿಹಾರ, ಪಾಠದ ತೊಂದರೆಗೆ ಇನ್ನೊಂದು. ‘ಸೆಟ್ ಆಗದ’ ತೊಂದರೆಗೆ ಪರಿಹಾರವೆಲ್ಲಿ? ಸಂಜೆ ಕನ್ನಡದಲ್ಲಿ ವಿವರಿಸಿ ಹೇಳಬಲ್ಲ ಸಹಪಾಠಿಯೊಬ್ಬ ಜೊತೆಯಾದ, ಹುಡುಗ ಉಳಿದುಕೊಂಡ. ಮದುವೆಯಾಗಿ ಆರು ತಿಂಗಳಿಗೆ ತವರಿಗೆ ಮರಳಿದ ಮಗಳು ‘ಸೆಟ್ ಆಗಲಿಲ್ಲಮ್ಮ’ ಎಂದರೆ ತಾಯಿ ಏನೆಂದು ತಿಳಿಯಬೇಕು? ಬೇಸರವೆಂದೇ, ಹಿಂಸೆಯೆಂದೇ? ನೋವಿಗೆ ಸರಿಯಾದ ಹೆಸರು ಸಿಗದಿದ್ದರೆ ಕೇಳುವವರಿಗೆ ನೋವೇ ಕಾಣುವುದಿಲ್ಲ.

ಆ ಹುಡುಗನ ಮನೆಯ ಹುಳುಸಾಕಣೆಯಲ್ಲಿ ಮಾತಿನ ಬಡತನವಿಲ್ಲವೆಂಬುದನ್ನು ನೋಡಿ. ಮೊಟ್ಟೆಯೊಡೆದ ಎಳೆಯ ಹುಳುವಿನ ಹಂತ ಚಾಕಿ. ಪೊರೆ ಕಳಚುವ ಮುನ್ನ ಮೇವು ಬಿಟ್ಟು ನಿಶ್ಚಲವಾದರೆ ಅದು ಜ್ವರ. ಅಂಥ ನಾಲ್ಕು ಜ್ವರಗಳನ್ನು ದಾಟಬೇಕು. ಮೇವು ಸಾಕಾಗಿ ಗೂಡಿಗೆ ಸಿದ್ಧವಾದ ಹುಳು ಹಣ್ಣಾಯಿತು. ಹಣ್ಣಾದದ್ದನ್ನು ಚಂದ್ರಿಕೆಗೆ ಬಿಟ್ಟರೆ ಗೂಡು ಕಟ್ಟುತ್ತದೆ. ಜ್ವರಕ್ಕೂ ಹಣ್ಣಿಗೂ ‘ಹುಳು ಸೆಟ್ ಆಗಿದೆ’ ಎಂದು ಒಂದೇ ಮಾತು ಹೇಳುವ ರೈತನ ಬೆಳೆ ರಾಮನಗರದ ಮಾರುಕಟ್ಟೆ ಮುಟ್ಟಲಾರದು. ಬೆಳೆಯ ವಿಷಯದಲ್ಲಿ ಇಷ್ಟು ಎಚ್ಚರವಿರುವ ನಾವು ಮಕ್ಕಳ ಮನಸ್ಸಿನ ವಿಷಯದಲ್ಲಿ ಅದಕ್ಕಿಂತ ಕಡಿಮೆ ಮಾತುಗಳಿಂದ ತೃಪ್ತರಾಗಬೇಕೆ?

ಆದ್ದರಿಂದ ಸೆಟ್ಟನ್ನು ಓಡಿಸಬೇಕಾಗಿಲ್ಲ. ತೋಟದಲ್ಲಿ ಪಂಪ್‌ಸೆಟ್ಟು ನೀರೆತ್ತಲಿ, ಹೋಟೆಲಿನಲ್ಲಿ ಸೆಟ್ ದೋಸೆ ಬೇಯಲಿ, ಒಳ್ಳೆಯ ಕನ್ನಡ ಚಿತ್ರಗಳು ಸೆಟ್ಟೇರಲಿ. ನೆಂಟ ಬಂದ ಮನೆ ಬಡವಾಗುವುದಿಲ್ಲ. ಆದರೆ ಅವನು ಕೂರುವ ಜಾಗ ಜಗಲಿ. ಅಡುಗೆಮನೆಯಲ್ಲಿ ಮೊಸರು ಹೆಪ್ಪುಗಟ್ಟುತ್ತಿರಲಿ, ನಡುಮನೆಯಲ್ಲಿ ಸಂಬಂಧ ಕುದುರುತ್ತಿರಲಿ. ಮಕ್ಕಳು ‘ಸೆಟ್ ಆಗ್ತಿಲ್ಲ’ ಎಂದು ಬಂದು ನಿಂತಾಗ ಗದರಿಸದೆ ಹತ್ತಿರ ಕೂರಿಸಿಕೊಂಡು ‘ಯಾವುದು ಒಗ್ಗಲಿಲ್ಲ ಮಗು, ಯಾರಲ್ಲಿ ಹೊಂದಲಿಲ್ಲ?’ ಎಂದು ಕೇಳೋಣ.