ಹತ್ತನೇ ತರಗತಿಗೆ ಇನ್ನೊಂದು ದಾರಿ

ಮುಂಬಯಿಯ ನಮ್ಮ ಕಟ್ಟಡದಲ್ಲಿ ಒಬ್ಬ ಹುಡುಗನಿದ್ದಾನೆ. ಕೆಟ್ಟ ಫ್ಯಾನು, ಮಿಕ್ಸಿ ಏನು ಕೊಟ್ಟರೂ ಬಿಚ್ಚಿ ಸರಿ ಮಾಡುತ್ತಾನೆ. ಪುಸ್ತಕ ಕೈಗೆ ಬಂದರೆ ಮಾತ್ರ ಒಂದೊಂದು ಸಾಲಿಗೂ ತಡವರಿಸುತ್ತಾನೆ. ಒಂಬತ್ತನೇ ತರಗತಿಯಲ್ಲಿ ಎರಡು ಸಲ ಫೇಲಾದ. 'ಸೋಮಾರಿ' ಅಂದರು ಶಾಲೆಯವರು, ಮನೆಯವರೂ ನಂಬಿದರು. ಕೊನೆಗೆ ತಪಾಸಣೆ ಮಾಡಿಸಿದಾಗ ಅದು ಡಿಸ್ಲೆಕ್ಸಿಯಾ ಅಂತ ಗೊತ್ತಾಯಿತು. "ಹಾಗಾದ್ರೆ ಇವನ ಓದು ಇಲ್ಲಿಗೆ ಮುಗೀತಾ?" ಎಂದು ತಾಯಿ ಕೇಳಿದರು.

ಮುಗಿದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು 21 ಬಗೆಯ ನ್ಯೂನತೆಗಳನ್ನು ಗುರುತಿಸಿದೆ. ಕಲಿಕಾ ನ್ಯೂನತೆಯೂ ಅದರಲ್ಲಿ ಸೇರಿದೆ. ಆದ್ದರಿಂದ ಮೊದಲು ಮಾಡಬೇಕಾದದ್ದು ಪ್ರಮಾಣಪತ್ರ ಪಡೆಯುವುದು. ಅದಿದ್ದರೆ ಈಗಿರುವ ಶಾಲೆಯಲ್ಲೇ ಪರೀಕ್ಷೆಗೆ ಹೆಚ್ಚುವರಿ ಸಮಯ, ಉತ್ತರ ಬರೆದುಕೊಡುವ ಸಹಾಯಕ ಮುಂತಾದ ಸೌಲಭ್ಯಗಳನ್ನು ಕೇಳಬಹುದು. ಎಷ್ಟೋ ಮಕ್ಕಳಿಗೆ ಅಷ್ಟೇ ಸಾಕು.

ಸಾಲದವರಿಗೆ ಎನ್‌ಐಓಎಸ್ ಇದೆ. ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ ಎಂಬುದು ಅದರ ಪೂರ್ಣ ಹೆಸರು. 1979ರಲ್ಲಿ ಸಿಬಿಎಸ್‌ಇಯ ಒಂದು ಯೋಜನೆಯಾಗಿ ಶುರುವಾಗಿ, 1989ರಲ್ಲಿ ಕೇಂದ್ರ ಸರಕಾರದ ಸ್ವಾಯತ್ತ ಸಂಸ್ಥೆಯಾಯಿತು. ಇದು ಖಾಸಗಿ ಟ್ಯುಟೋರಿಯಲ್ ಅಲ್ಲ, ಸರಕಾರದ್ದೇ ಬೋರ್ಡು.

ಇದರಲ್ಲಿ ಏನು ವ್ಯತ್ಯಾಸ? 14 ವರ್ಷ ತುಂಬಿದವರು ಹತ್ತನೇ ಹಂತಕ್ಕೆ ಸೇರಬಹುದು. ಒಂದು ಭಾಷೆ ಸೇರಿ ಐದು ವಿಷಯ ಪಾಸಾದರೆ ಆಯಿತು. ಗಣಿತ ಕಡ್ಡಾಯವಲ್ಲ. ಅದರ ಬದಲು ಗೃಹವಿಜ್ಞಾನ, ಚಿತ್ರಕಲೆ, ಡೇಟಾ ಎಂಟ್ರಿಯಂಥವನ್ನು ಆರಿಸಬಹುದು. ಭಾಷೆಗಳ ಪಟ್ಟಿಯಲ್ಲಿ ಕನ್ನಡ, ಉರ್ದು ಎರಡೂ ಇವೆ. ಕಿವುಡ ಮಕ್ಕಳಿಗಾಗಿ ಭಾರತೀಯ ಸಂಜ್ಞಾ ಭಾಷೆಯೂ ಬಂದಿದೆ.

ಎಲ್ಲಕ್ಕಿಂತ ದೊಡ್ಡ ಅನುಕೂಲವೆಂದರೆ ಸಮಯ. ನೋಂದಣಿ ಐದು ವರ್ಷ ನಡೆಯುತ್ತದೆ, ಪರೀಕ್ಷೆ ಬರೆಯಲು ಒಂಬತ್ತು ಅವಕಾಶ. ಈ ಸಲ ಎರಡು ವಿಷಯ, ಮುಂದಿನ ಸಲ ಇನ್ನೊಂದು ಅಂತ ನಿಧಾನವಾಗಿ ಮುಗಿಸಬಹುದು. ಪಾಸಾದ ವಿಷಯ ಮತ್ತೆ ಬರೆಯಬೇಕಿಲ್ಲ. ಹತ್ತನೇ ಹಂತವೂ ಭಾರವಾಗುವ ಮಕ್ಕಳಿಗೆ 3, 5, 8ನೇ ತರಗತಿಗಳಿಗೆ ಸಮನಾದ ಎ, ಬಿ, ಸಿ ಹಂತಗಳಿವೆ.

ಎರಡು ಎಚ್ಚರಿಕೆ ಮಾತ್ರ ಇರಲಿ. ಗಣಿತ ಬಿಟ್ಟರೆ ಇಂಜಿನಿಯರಿಂಗ್‌ನಂಥ ದಾರಿಗಳು ಮುಚ್ಚುತ್ತವೆ. ಆದ್ದರಿಂದ ಮಗುವಿಗೆ ಮುಂದೆ ಏನು ಇಷ್ಟ ಎಂದು ಕೇಳಿ, ಸೇರಬೇಕೆಂದಿರುವ ಕಾಲೇಜಿನಲ್ಲಿ ವಿಚಾರಿಸಿ ವಿಷಯ ಆರಿಸಿ. ಎರಡನೆಯದು, 'ಪಾಸ್ ಗ್ಯಾರಂಟಿ' ಅನ್ನುವ ಏಜೆಂಟರ ಹತ್ತಿರ ಹೋಗಬೇಡಿ. ಸಂಸ್ಥೆಯ ಅಧಿಕೃತ ಜಾಲತಾಣದಲ್ಲೇ ಹೆಸರು ನೋಂದಾಯಿಸಿ.

"ಓಪನ್ ಸ್ಕೂಲ್ ಅಂದ್ರೆ ಜನ ಏನಂತಾರೆ?" ಎಂಬ ಪ್ರಶ್ನೆ ನಮ್ಮಲ್ಲಿ ಇನ್ನೂ ಇದೆ. ಜನ ಎರಡು ದಿನ ಮಾತಾಡಿ ಮರೆಯುತ್ತಾರೆ. ದಡ್ಡ ಅನ್ನಿಸಿಕೊಂಡ ಮಗು ಅದನ್ನು ಅಷ್ಟು ಬೇಗ ಮರೆಯುವುದಿಲ್ಲ. ನಮ್ಮ ಕಟ್ಟಡದ ಹುಡುಗ ಈಗ ಮೂರು ವಿಷಯ ಮುಗಿಸಿದ್ದಾನೆ. ಇನ್ನೆರಡು ಬಾಕಿ. ಅವಸರವೇನೂ ಇಲ್ಲ.