ಪಾಳು ಕಟ್ಟಡಗಳು ಮತ್ತು ವಿಡಿಯೋ ಆಟಗಳ ಹಂತ ವಿನ್ಯಾಸ: ಪ್ರಿಪ್ಯಾತ್ ನಗರದ ನಿದರ್ಶನ

ಮನುಷ್ಯರು ತೊರೆದುಹೋದ ಕಟ್ಟಡಗಳು ಕಲಾವಿದರನ್ನು ಸೆಳೆಯುತ್ತ ಬಂದಿರುವುದು ಇಂದು ನಿನ್ನೆಯ ಸಂಗತಿಯಲ್ಲ. ಹದಿನೆಂಟನೆಯ ಶತಮಾನದ ಇಟಲಿಯ ಕಲಾವಿದ ಜೊವಾನ್ನಿ ಬತ್ತಿಸ್ತಾ ಪಿರನೇಸಿ ರೋಮಿನ ಅವಶೇಷಗಳನ್ನು ಅಳತೆ ಮಾಡಿ, ತಾಮ್ರದ ಹಲಗೆಗಳಲ್ಲಿ ಕೆತ್ತಿ ಮುದ್ರಿಸಿದನು. ಮೆಟ್ಟಿಲುಗಳಿಗೂ ಕಮಾನುಗಳಿಗೂ ಕೊನೆಯೇ ಇಲ್ಲದಂತೆ ತೋರುವ ಕಾಲ್ಪನಿಕ ಸೆರೆಮನೆಗಳ ಚಿತ್ರಸರಣಿಯೂ ಅದೇ ಕೈಯಿಂದ ಹೊರಬಂದಿತು. ಅದರ ಪರಿಷ್ಕೃತ ಆವೃತ್ತಿ 1761ರಲ್ಲಿ ಪ್ರಕಟವಾಯಿತು. ಅಳತೆ ಮತ್ತು ಕಲ್ಪನೆಗಳ ಈ ಜೋಡಿ ಇಪ್ಪತ್ತೊಂದನೆಯ ಶತಮಾನದ ವಿಡಿಯೋ ಆಟಗಳಲ್ಲಿ ಮತ್ತೊಂದು ರೂಪವನ್ನು ತಾಳಿದೆ. ಪಾಳು ಕಟ್ಟಡವು ಆಟಕ್ಕೆ ಕೇವಲ ಭಯದ ಹಿನ್ನೆಲೆಯನ್ನು ಒದಗಿಸುತ್ತದೆ ಎಂಬ ಅಭಿಪ್ರಾಯ ಸಾಮಾನ್ಯವಾಗಿ ಕೇಳಿಬರುತ್ತದೆ. ವಾಸ್ತವದಲ್ಲಿ ಅದು ಒದಗಿಸುವುದು ನೋಟಕ್ಕಿಂತ ಮಿಗಿಲಾಗಿ ದಾರಿಯನ್ನು ಮತ್ತು ಸಾಕ್ಷ್ಯವನ್ನು. ಉಕ್ರೇನಿನ ಪ್ರಿಪ್ಯಾತ್ ನಗರವನ್ನು ಮುಖ್ಯ ನಿದರ್ಶನವಾಗಿಟ್ಟುಕೊಂಡು ಈ ಸಂಗತಿಯನ್ನು ಇಲ್ಲಿ ಪರಿಶೀಲಿಸಲಾಗಿದೆ.

ಹಂತ ಎಂಬ ಪರಿಕಲ್ಪನೆ

ವಿಡಿಯೋ ಆಟದಲ್ಲಿ ‘ಹಂತ’ ಅಥವಾ ‘ಲೆವೆಲ್’ ಎಂದರೆ ಆಟಗಾರನು ಒಂದು ನಿರ್ದಿಷ್ಟ ಉದ್ದೇಶದಿಂದ ಸಂಚರಿಸುವ ಒಂದು ಆವರಣ. ಅವನು ಎಲ್ಲಿಂದ ಪ್ರವೇಶಿಸಬೇಕು, ದೂರದಿಂದಲೇ ಅವನ ಕಣ್ಣಿಗೆ ಬೀಳಬೇಕಾದುದು ಯಾವುದು, ಯಾವ ಬಾಗಿಲು ಮುಚ್ಚಿರಬೇಕು, ಎಲ್ಲಿ ಅಡಗಲು ಅವಕಾಶವಿರಬೇಕು, ಮರಳುವ ದಾರಿ ಯಾವುದು ಎಂಬ ಪ್ರಶ್ನೆಗಳಿಗೆ ವಿನ್ಯಾಸಕಾರನು ಉತ್ತರ ಕಂಡುಕೊಳ್ಳಬೇಕಾಗುತ್ತದೆ. ಮನೋರಂಜನಾ ಉದ್ಯಾನಗಳ ವಿನ್ಯಾಸದಲ್ಲಿ ಪಳಗಿದ್ದ ಡಾನ್ ಕಾರ್ಸನ್ 2000ದಲ್ಲಿ ಬರೆದ ಲೇಖನವೊಂದರಲ್ಲಿ, ಕಥೆಯನ್ನು ಸ್ಥಳವೇ ಹೇಳುವಂತೆ ಮಾಡುವ ಕ್ರಮವನ್ನು ಆಟಗಳ ರಚನಕಾರರಿಗೆ ವಿವರಿಸಿದರು. 2004ರಲ್ಲಿ ಮಾಧ್ಯಮ ವಿದ್ವಾಂಸ ಹೆನ್ರಿ ಜೆಂಕಿನ್ಸ್ ಆಟದ ವಿನ್ಯಾಸವನ್ನು ಕಥನದ ವಾಸ್ತುಶಿಲ್ಪವೆಂದು ನಿರೂಪಿಸಿದರು. ಕಥೆ ಮಾತಿನಲ್ಲಿರದೆ ಗೋಡೆ, ಮೆಟ್ಟಿಲು, ಬಿಟ್ಟುಹೋದ ವಸ್ತುಗಳಲ್ಲಿ ಹುದುಗಿರುತ್ತದೆ ಎಂಬುದು ಈ ಚಿಂತನೆಯ ತಿರುಳು.

ಈ ದೃಷ್ಟಿಯಿಂದ ನೋಡಿದಾಗ ಪಾಳು ಕಟ್ಟಡವೆಂದರೆ ಒಂದರ ಮೇಲೊಂದು ಹಾಸಿದ ಎರಡು ನಕ್ಷೆಗಳು. ಮೊದಲನೆಯದು ಅದನ್ನು ಕಟ್ಟಿದವರ ನಕ್ಷೆ. ಶಾಲೆಯೆಂದರೆ ಉದ್ದನೆಯ ಪಡಸಾಲೆ, ಅದರ ಪಕ್ಕಕ್ಕೆ ಸಾಲು ಕೊಠಡಿಗಳು ಎಂಬುದು ಎಲ್ಲರಿಗೂ ತಿಳಿದ ವಿಷಯವಾದುದರಿಂದ ಆಟಗಾರನಿಗೆ ಅಲ್ಲಿ ದಾರಿ ತೋರಿಸುವ ಫಲಕವೇ ಬೇಕಾಗುವುದಿಲ್ಲ. ಎರಡನೆಯದು ಕಾಲ ಬರೆದ ನಕ್ಷೆ. ಮೆಟ್ಟಿಲು ಕುಸಿದು ದಾರಿ ಕಡಿದಿರುತ್ತದೆ. ಗೋಡೆ ಬಿರಿದು ಇಲ್ಲದಿದ್ದ ಬಾಗಿಲು ಹುಟ್ಟಿರುತ್ತದೆ. ಚಾವಣಿ ಬಿದ್ದು ಎರಡು ಮಹಡಿಗಳು ಒಂದಾಗಿರುತ್ತವೆ. ತಿಳಿದ ನಕ್ಷೆಯನ್ನು ನಂಬಿ ನಡೆಯುವವನನ್ನು ತಿಳಿಯದ ನಕ್ಷೆ ತಡೆಯುತ್ತದೆ. ಆಟದ ಸ್ವಾರಸ್ಯವೆಲ್ಲ ಈ ಎರಡರ ಘರ್ಷಣೆಯಲ್ಲಿದೆ.

ಪ್ರಿಪ್ಯಾತ್ ನಗರದ ಹಿನ್ನೆಲೆ

ಪ್ರಿಪ್ಯಾತ್ ಪುರಾತನ ನಗರವಲ್ಲ. ಚೆರ್ನೋಬಿಲ್ ಅಣುವಿದ್ಯುತ್ ಸ್ಥಾವರದ ನೌಕರರಿಗಾಗಿ 1970ರಲ್ಲಿ ಸ್ಥಾಪಿತವಾದ ಈ ಊರಿನ ಆಯುಷ್ಯ ಹದಿನಾರು ವರ್ಷಗಳಷ್ಟೆ. 1986ರ ಏಪ್ರಿಲ್ 26ರ ನಸುಕಿನಲ್ಲಿ ಸ್ಥಾವರದ ನಾಲ್ಕನೆಯ ಘಟಕ ಸ್ಫೋಟಗೊಂಡಿತು. ಮರುದಿನ ಮಧ್ಯಾಹ್ನ ಸುಮಾರು 49,000 ನಿವಾಸಿಗಳನ್ನು ಬಸ್ಸುಗಳಲ್ಲಿ ಹೊರಗೆ ಸಾಗಿಸಲಾಯಿತು. ಈ ತೆರವು ತಾತ್ಕಾಲಿಕವೆಂದು ಅವರಿಗೆ ತಿಳಿಸಲಾಗಿತ್ತು. ಅಗತ್ಯ ಕಾಗದಪತ್ರಗಳು ಮತ್ತು ಕೆಲವು ವಸ್ತುಗಳನ್ನಷ್ಟೇ ಕೈಗೆತ್ತಿಕೊಂಡು ಅವರು ಹೊರಟರು. ವಾಸಕ್ಕೆಂದು ಯಾರೂ ಅಲ್ಲಿಗೆ ಮರಳಲಿಲ್ಲ. ಮೇ ದಿನಾಚರಣೆಗಾಗಿ ಸಿದ್ಧವಾಗುತ್ತಿದ್ದ ಮನೋರಂಜನಾ ಉದ್ಯಾನದ ಜೈಂಟ್ ವ್ಹೀಲ್ ಹಾಗೆಯೇ ನಿಂತಿತು.

ನಗರದ ವಸತಿಕಟ್ಟಡಗಳು ಕಾರ್ಖಾನೆಯಲ್ಲಿ ಎರಕ ಹೊಯ್ದ ಕಾಂಕ್ರೀಟು ಫಲಕಗಳನ್ನು ಜೋಡಿಸಿ ಕಟ್ಟಿದಂಥವು. ಗೋಡೆ, ಕಿಟಕಿ, ಬಾಲ್ಕನಿ ಎಲ್ಲವೂ ಒಂದೇ ಅಚ್ಚಿನವು. ವಿಡಿಯೋ ಆಟದ ಹಂತಗಳನ್ನು ಕಟ್ಟುವ ಕ್ರಮವೂ ಇದೇ ಆಗಿದೆ ಎಂಬುದು ಗಮನಾರ್ಹ. ಕೆಲವೇ ಗೋಡೆ, ಕಿಟಕಿ, ಮೆಟ್ಟಿಲುಗಳ ಮಾದರಿಗಳನ್ನು ಸಿದ್ಧಪಡಿಸಿಕೊಂಡು, ಅವನ್ನೇ ಮತ್ತೆ ಮತ್ತೆ ಜೋಡಿಸಿ ದೊಡ್ಡ ಊರನ್ನು ನಿರ್ಮಿಸಲಾಗುತ್ತದೆ. ಆದುದರಿಂದ ಸೋವಿಯತ್ ಕಾಲದ ಫಲಕ ನಗರವು ಗಣಕದ ಮಿತಿಗಳಿಗೆ ತಾನಾಗಿಯೇ ಹೊಂದಿಕೊಂಡಿತು. ಜನರಿಲ್ಲದ ಊರಿಗೆ ನೂರಾರು ಪಾತ್ರಗಳನ್ನು ಚಲಿಸುವಂತೆ ಮಾಡುವ ಅಗತ್ಯವೂ ಇರಲಿಲ್ಲ. ಪಾಳು ಸ್ಥಳಗಳ ಬಗೆಗಿನ ಒಲವಿಗೆ ಸೌಂದರ್ಯದ ಕಾರಣಗಳಂತೆ ಇಂತಹ ವ್ಯಾವಹಾರಿಕ ಕಾರಣಗಳೂ ಇವೆ.

ಸ್ಥಳದಿಂದ ಹಂತಕ್ಕೆ

ಕೀವ್ ನಗರದ ಜಿಎಸ್‌ಸಿ ಗೇಮ್ ವರ್ಲ್ಡ್ ಸಂಸ್ಥೆಯು ರೂಪಿಸಿದ ‘ಸ್ಟಾಕರ್: ಶ್ಯಾಡೋ ಆಫ್ ಚೆರ್ನೋಬಿಲ್’ 2007ರ ಮಾರ್ಚ್‌ನಲ್ಲಿ ಬಿಡುಗಡೆಯಾಯಿತು. ‘ಒಬ್ಲಿವಿಯನ್ ಲಾಸ್ಟ್’ ಎಂಬ ಹೆಸರಿನಲ್ಲಿ ಆರಂಭವಾಗಿದ್ದ ಈ ಯೋಜನೆ ಮೊದಲಿಗೆ ಬೇರೊಂದು ವೈಜ್ಞಾನಿಕ ಕಲ್ಪನೆಯನ್ನು ಆಧರಿಸಿತ್ತು. ತಂಡದವರು ಚೆರ್ನೋಬಿಲ್ ನಿಷೇಧಿತ ವಲಯಕ್ಕೆ ಭೇಟಿ ನೀಡಿ ಛಾಯಾಚಿತ್ರಗಳನ್ನು ತೆಗೆದರು; ಆಟದ ಸ್ವರೂಪವೇ ಬದಲಾಯಿತು. ಸ್ಟ್ರುಗಾಟ್‌ಸ್ಕಿ ಸಹೋದರರ 1972ರ ಕಾದಂಬರಿ ‘ರೋಡ್‌ಸೈಡ್ ಪಿಕ್ನಿಕ್’ ಮತ್ತು ಅದನ್ನು ಆಧರಿಸಿ ಆಂದ್ರೇ ತಾರ್ಕೋವ್‌ಸ್ಕಿ 1979ರಲ್ಲಿ ತೆರೆಗೆ ತಂದ ‘ಸ್ಟಾಕರ್’ ಈ ಆಟದ ಸಾಹಿತ್ಯಕ ಮೂಲಗಳು. ಆ ಚಲನಚಿತ್ರದ ಪ್ರಮುಖ ದೃಶ್ಯಗಳನ್ನು ಎಸ್ಟೋನಿಯಾದಲ್ಲಿ ತೊರೆದುಬಿಟ್ಟಿದ್ದ ಜಲವಿದ್ಯುತ್ ಸ್ಥಾವರಗಳಲ್ಲಿ ಚಿತ್ರೀಕರಿಸಲಾಗಿತ್ತು ಎಂಬುದನ್ನು ನೆನೆದರೆ, ಈ ಪರಂಪರೆಯ ಬುಡದಲ್ಲಿಯೇ ಪಾಳು ಕಟ್ಟಡವಿರುವುದು ಸ್ಪಷ್ಟವಾಗುತ್ತದೆ.

ಸ್ಥಳದರ್ಶನದಿಂದ ದೊರೆತದ್ದು ಮೂರು ಬಗೆಯ ಸಾಮಗ್ರಿ. ಒಂದನೆಯದು ದಿಕ್ಸೂಚಿಯಂತಹ ಎತ್ತರದ ರಚನೆಗಳು. ವಲಯದಲ್ಲಿರುವ ‘ದುಗಾ’ ರೇಡಾರಿನ ಉಕ್ಕಿನ ಚೌಕಟ್ಟು ಸುಮಾರು 150 ಮೀಟರು ಎತ್ತರವಿದ್ದು, ಕಾಡಿನ ನೆತ್ತಿಯ ಮೇಲೆ ಬಹುದೂರದಿಂದ ಕಾಣುತ್ತದೆ. ಆಟದಲ್ಲಿ ಇದೇ ರಚನೆ ಮನುಷ್ಯರ ಬುದ್ಧಿಯನ್ನು ಕೆಡಿಸುವ ಯಂತ್ರದ ಕಲ್ಪನೆಗೆ ಆಧಾರವಾಯಿತು. ಎರಡನೆಯದು ಅಂತರಗಳ ಸಂಕೋಚನ. ವಾಸ್ತವದಲ್ಲಿ ನಗರಕ್ಕೂ ಸ್ಥಾವರಕ್ಕೂ ನಡುವೆ ಕೆಲವು ಕಿಲೋಮೀಟರುಗಳಿವೆ. ಆಟದಲ್ಲಾದರೋ ನಗರದ ಹಂತ ಮುಗಿದೊಡನೆ ಸ್ಥಾವರದ ಹಂತ ಎದುರಾಗುತ್ತದೆ. ಕಟ್ಟಡಗಳ ಮುಖಗಳನ್ನು ನಿಷ್ಠೆಯಿಂದ ಉಳಿಸಿಕೊಂಡು ಅವುಗಳ ನಡುವಣ ದೂರವನ್ನು ಕುಗ್ಗಿಸುವುದು ಈ ಬಗೆಯ ವಿನ್ಯಾಸದ ಸಾಮಾನ್ಯ ನಿಯಮ.

ಮೂರನೆಯದು ಎಲ್ಲಕ್ಕಿಂತ ಮಹತ್ವದ್ದು. ವಿಕಿರಣಶೀಲ ಧೂಳು ವಲಯದಲ್ಲಿ ಎಲ್ಲೆಡೆ ಸಮನಾಗಿ ಹರಡಿಲ್ಲ. ಪಾಚಿ, ತಗ್ಗು, ನೀರು ಹರಿದು ನಿಂತ ಮೂಲೆಗಳಲ್ಲಿ ಅದು ಹೆಚ್ಚಾಗಿ ಸೇರಿಕೊಂಡಿದೆ. ಡಾಂಬರು ರಸ್ತೆಯ ಮೇಲೆ ಕಡಿಮೆ. ಕಣ್ಣಿಗೆ ಕಾಣದ ಈ ಅಪಾಯವನ್ನು ತಿಳಿಸುವುದು ಮಾಪಕದ ಟಿಕ್‌ಟಿಕ್ ಸದ್ದೊಂದೇ. ಹಾಗಾಗಿ ಹುಲ್ಲಿನ ಅಡ್ಡದಾರಿ ಹತ್ತಿರವೆನಿಸಿದರೂ ಅನುಭವಿಗಳು ರಸ್ತೆಯನ್ನು ಬಿಡುವುದಿಲ್ಲ. ಆಟವು ಈ ನಡಿಗೆಯ ಶಿಸ್ತನ್ನೇ ತನ್ನ ನಿಯಮವನ್ನಾಗಿ ಮಾಡಿಕೊಂಡಿತು. ಮಾಪಕದ ಸದ್ದಿಗೆ ಕಿವಿಗೊಟ್ಟು, ಮುಂದಿರುವ ಅದೃಶ್ಯ ಅಪಾಯವನ್ನು ಬೋಲ್ಟು ಎಸೆದು ಪರೀಕ್ಷಿಸಿ ಆಟಗಾರನು ಹೆಜ್ಜೆಯಿಡಬೇಕು. ಬೋಲ್ಟಿನ ಕಲ್ಪನೆ ಕಾದಂಬರಿಯ ಕೊಡುಗೆಯಾದರೆ, ಸುರಕ್ಷಿತ ದಾರಿಯೂ ನೇರ ದಾರಿಯೂ ಬೇರೆ ಬೇರೆ ಎಂಬ ತಿಳಿವು ಆ ನೆಲದ್ದೇ. ಇಲ್ಲಿ ಸ್ಥಳವು ಚಿತ್ರವಾಗಿ ಅಲ್ಲ, ವರ್ತನೆಯಾಗಿ ಆಟದೊಳಗೆ ಬಂದಿದೆ.

ಅದೇ ವರ್ಷದ ನವೆಂಬರಿನಲ್ಲಿ ಅಮೆರಿಕದ ಇನ್ಫಿನಿಟಿ ವಾರ್ಡ್ ಸಂಸ್ಥೆ ಹೊರತಂದ ‘ಕಾಲ್ ಆಫ್ ಡ್ಯೂಟಿ 4: ಮಾಡರ್ನ್ ವಾರ್‌ಫೇರ್’ ಆಟದಲ್ಲಿಯೂ ಪ್ರಿಪ್ಯಾತ್ ಕಾಣಿಸಿಕೊಂಡಿತು. ಅಲ್ಲಿ ಹೋಟೆಲು, ಈಜುಕೊಳ, ಜೈಂಟ್ ವ್ಹೀಲ್‌ಗಳು ಒಂದು ಸೈನಿಕ ಕಾರ್ಯಾಚರಣೆಯ ಮೈಲಿಗಲ್ಲುಗಳು. ನಗರವನ್ನು ಎಚ್ಚರದಿಂದ ಓದಬೇಕಾದ ಸ್ಥಳವಾಗಿ ಒಂದು ಆಟ ಕಂಡರೆ, ಬೇಗ ದಾಟಬೇಕಾದ ರಂಗಸಜ್ಜಿಕೆಯಾಗಿ ಮತ್ತೊಂದು ಕಂಡಿತು.

ಜೋಡಿಸಿಟ್ಟ ಸಾಕ್ಷ್ಯ

ಪಾಳು ಕಟ್ಟಡವನ್ನು ಸಾಕ್ಷ್ಯವೆಂದು ಒಪ್ಪುವಾಗ ಒಂದು ಎಚ್ಚರಿಕೆ ಅಗತ್ಯ. ಪ್ರಿಪ್ಯಾತಿನ ಶಾಲೆಯ ನೆಲದ ಮೇಲೆ ರಾಶಿಬಿದ್ದ ಅನಿಲ ಮುಖವಾಡಗಳು, ಮಂಚದ ಮೇಲೆ ಕುಳಿತ ಗೊಂಬೆಗಳು ಜಗತ್ಪ್ರಸಿದ್ಧ ಚಿತ್ರಗಳಾಗಿವೆ. ಆದರೆ ಆ ಮುಖವಾಡಗಳು ಓಡಿಹೋಗುವ ಮಕ್ಕಳು ಕಳಚಿ ಎಸೆದಂಥವಲ್ಲ. ನಾಗರಿಕ ರಕ್ಷಣೆಗಾಗಿ ಶಾಲೆಯಲ್ಲಿ ಕೂಡಿಟ್ಟಿದ್ದ ದಾಸ್ತಾನು ಆಮೇಲೆ ಹೊರಬಿದ್ದು ಹರಡಿಕೊಂಡದ್ದು. ಗೊಂಬೆಗಳಲ್ಲಿ ಅನೇಕವನ್ನು ಛಾಯಾಚಿತ್ರಕ್ಕಾಗಿ ನಂತರ ಬಂದವರು ಜೋಡಿಸಿಟ್ಟರು. ಮನೆಗಳ ಪೀಠೋಪಕರಣಗಳನ್ನು, ಲೋಹದ ಸಾಮಾನುಗಳನ್ನು ಕಳ್ಳರು ಹೊತ್ತೊಯ್ದರು. 1986ರ ಏಪ್ರಿಲ್ ತಿಂಗಳು ಅಲ್ಲಿ ಹೆಪ್ಪುಗಟ್ಟಿ ನಿಂತಿದೆ ಎಂಬುದು ಒಂದು ಜನಪ್ರಿಯ ಭ್ರಮೆ. ಛಾಯಾಚಿತ್ರಗಳನ್ನಷ್ಟೇ ನಂಬಿ ಹಂತವನ್ನು ರೂಪಿಸುವ ವಿನ್ಯಾಸಕಾರನು ದುರಂತವನ್ನಲ್ಲ, ದುರಂತದ ಪ್ರವಾಸಿಯನ್ನು ನಕಲು ಮಾಡುವ ಸಾಧ್ಯತೆ ಇದೆ. ಶಾಸನವನ್ನು ಓದುವ ವಿದ್ವಾಂಸನು ಮೂಲದ ಅಕ್ಷರವನ್ನೂ ನಂತರದ ತಿದ್ದುಪಡಿಯನ್ನೂ ಬೇರ್ಪಡಿಸುವಂತೆ, ಕಟ್ಟಡದಲ್ಲಿಯೂ ನಿವಾಸಿಗಳ ಗುರುತು, ಕಾಲದ ಗುರುತು, ಸಂದರ್ಶಕರ ಗುರುತುಗಳನ್ನು ಬೇರೆ ಬೇರೆಯಾಗಿ ಗುರುತಿಸಬೇಕಾಗುತ್ತದೆ.

ಕನ್ನಡ ನಾಡಿನ ಒಂದು ಹೋಲಿಕೆ

ಸ್ಥಳವನ್ನು ಓದುವುದಕ್ಕೂ ಸ್ಥಳದ ಹೆಸರನ್ನು ಬಳಸುವುದಕ್ಕೂ ಇರುವ ಅಂತರಕ್ಕೆ ಕರ್ನಾಟಕಕ್ಕೆ ಸಂಬಂಧಿಸಿದ ನಿದರ್ಶನವೊಂದು ದೊರೆಯುತ್ತದೆ. ಅಮೆರಿಕದ ನಾಟಿ ಡಾಗ್ ಸಂಸ್ಥೆ 2017ರಲ್ಲಿ ಹೊರತಂದ ‘ಅನ್‌ಚಾರ್ಟೆಡ್: ದಿ ಲಾಸ್ಟ್ ಲೆಗಸಿ’ ಪಶ್ಚಿಮ ಘಟ್ಟಗಳಲ್ಲಿ ಅಡಗಿರುವ ಹೊಯ್ಸಳರ ನಗರಗಳನ್ನು ಕಲ್ಪಿಸಿಕೊಂಡಿದೆ. ಬೇಲೂರು, ಹಳೇಬೀಡುಗಳ ಹೆಸರುಗಳೂ ಅದರಲ್ಲಿ ಬರುತ್ತವೆ. ಆಟದ ಅವಶೇಷಗಳು ಕಣಿವೆ, ಜಲಪಾತಗಳ ನಡುವೆ ಆಕಾಶಕ್ಕೆ ಏರುತ್ತವೆ. ಆಟಗಾರ್ತಿಯ ಮುಖ್ಯ ಕ್ರಿಯೆ ಹತ್ತುವುದು ಮತ್ತು ಜಿಗಿಯುವುದು.

ನಿಜವಾದ ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯ ಇದಕ್ಕೆ ತೀರ ಭಿನ್ನ. ಬಳಪದ ಕಲ್ಲಿನ ಈ ಜೋಡಿ ಗುಡಿಗೆ ಇಂದು ಶಿಖರವಿಲ್ಲ. ಅದರ ವೈಭವವಿರುವುದು ಎತ್ತರದಲ್ಲಲ್ಲ, ಸುತ್ತಿನಲ್ಲಿ. ನಕ್ಷತ್ರಾಕಾರದ ಜಗತಿಯ ಮೇಲೆ ಪ್ರದಕ್ಷಿಣೆ ಬರುವಾಗ ಪ್ರತಿ ತಿರುವಿನಲ್ಲಿಯೂ ಗೋಡೆಯ ಮತ್ತೊಂದು ಮುಖ ತೆರೆದುಕೊಳ್ಳುತ್ತದೆ. ಆನೆ, ಕುದುರೆ, ಮಕರಗಳ ಪಟ್ಟಿಕೆಗಳೂ ಪುರಾಣಪ್ರಸಂಗಗಳೂ ನಡಿಗೆಯ ಲಯದಲ್ಲಿಯೇ ಸಾಗುತ್ತವೆ. ಕಥೆಯನ್ನು ಸ್ಥಳವೇ ಹೇಳುವ ಕ್ರಮಕ್ಕೆ ಇದಕ್ಕಿಂತ ಉತ್ತಮ ಮಾದರಿ ವಿರಳ. ಮೇಲಾಗಿ ಹಳೇಬೀಡು ನಿರ್ಜನವಲ್ಲ. ಗುಡಿಯ ಸುತ್ತ ಊರು ಜೀವಂತವಾಗಿದೆ, 2023ರಲ್ಲಿ ಬೇಲೂರು, ಸೋಮನಾಥಪುರಗಳೊಂದಿಗೆ ಅದು ವಿಶ್ವಪರಂಪರೆಯ ಪಟ್ಟಿಗೂ ಸೇರಿದೆ. ಆಟವು ಹೊಯ್ಸಳರ ಹೆಸರನ್ನು ಪಡೆಯಿತು, ಅವರ ದಾರಿಯನ್ನು ಪಡೆಯಲಿಲ್ಲ.

ದಾಖಲೆ ಮತ್ತು ಜನ

ಪೋಲೆಂಡಿನ ದಿ ಫಾರ್ಮ್ 51 ಸಂಸ್ಥೆ ವಲಯದ ಕಟ್ಟಡಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ, ಆ ಸಾಮಗ್ರಿಯಿಂದ 2021ರಲ್ಲಿ ‘ಚೆರ್ನೋಬೈಲೈಟ್’ ಎಂಬ ಆಟವನ್ನು ಪೂರ್ಣರೂಪದಲ್ಲಿ ಪ್ರಕಟಿಸಿತು. ಈ ವಿಧಾನದ ಮಹತ್ವ ಮನರಂಜನೆಯನ್ನು ಮೀರಿದ್ದು. ಪ್ರಿಪ್ಯಾತ್ ಕರಗುತ್ತಿರುವ ನಗರ: 2005ರಲ್ಲಿಯೇ ಅಲ್ಲಿಯ ಶಾಲೆಯೊಂದರ ಒಂದು ಭಾಗ ಕುಸಿಯಿತು. 2022ರ ಫೆಬ್ರವರಿಯಲ್ಲಿ ರಷ್ಯಾದ ಸೇನೆ ವಲಯವನ್ನು ಆಕ್ರಮಿಸಿತು. ಮಾರ್ಚ್ ಅಂತ್ಯದ ಹೊತ್ತಿಗೆ ಹಿಂದೆ ಸರಿಯಿತು. 2025ರ ಫೆಬ್ರವರಿಯಲ್ಲಿ ಸ್ಥಾವರದ ರಕ್ಷಣಾ ಕವಚಕ್ಕೆ ಡ್ರೋನ್ ದಾಳಿಯಿಂದ ಹಾನಿಯಾಯಿತು. ಇಂತಹ ಸ್ಥಿತಿಯಲ್ಲಿ ಆಟಕ್ಕೆಂದು ಸಂಗ್ರಹಿಸಿದ ಅಳತೆಗಳು ವಾಸ್ತುಶಿಲ್ಪದ ದಾಖಲೆಗಳೂ ಆಗುತ್ತವೆ.

ಪ್ರಭಾವ ಹಿಮ್ಮುಖವಾಗಿಯೂ ಹರಿದಿದೆ. ಆಟವಾಡಿ ಬೆಳೆದ ಉಕ್ರೇನಿನ ಯುವಕರು ತಮ್ಮನ್ನು ‘ಸ್ಟಾಕರ್’ಗಳೆಂದು ಕರೆದುಕೊಂಡು, ಅನುಮತಿಯಿಲ್ಲದೆ ಕಾಲುನಡಿಗೆಯಲ್ಲಿ ವಲಯವನ್ನು ಹೊಕ್ಕರು. ಕಾನೂನಿನ ತೊಡಕು ಮತ್ತು ವಿಕಿರಣಗಳ ಜೊತೆಗೆ, ಕುಸಿಯುವ ಮಹಡಿ ಮತ್ತು ಮುಚ್ಚಳವಿಲ್ಲದ ಗುಂಡಿಗಳ ಅಪಾಯವೂ ಅಲ್ಲಿದೆ. ಆಟದಲ್ಲಿ ಬಿದ್ದವನು ಮತ್ತೆ ಎದ್ದು ಆರಂಭಿಸುತ್ತಾನೆ, ಕಟ್ಟಡದಲ್ಲಿ ಹಾಗಿಲ್ಲ.

ಕೊನೆಯದಾಗಿ ಉಳಿಯುವುದು ಜನರ ಪ್ರಶ್ನೆ. ಸ್ವೆತ್ಲಾನಾ ಅಲೆಕ್ಸಿಯೆವಿಚ್ 1997ರ ತಮ್ಮ ಕೃತಿಯಲ್ಲಿ ಚೆರ್ನೋಬಿಲ್ ದುರಂತಕ್ಕೆ ಸಿಲುಕಿದವರ ಮಾತುಗಳನ್ನೇ ಗ್ರಂಥವಾಗಿಸಿದರು. ತೆರವಾದ ಹಳ್ಳಿಗಳಿಗೆ ತಾವಾಗಿ ಮರಳಿ, ತೋಟ ಮಾಡಿಕೊಂಡು ಬದುಕಿದ ವೃದ್ಧೆಯರೂ ವಲಯದಲ್ಲಿದ್ದರು. 2007ರ ಆಟದಲ್ಲಿ ಅಂತಹವರಿಗೆ ಎಡೆಯಿಲ್ಲ; ಅದರ ವಲಯ ಆಯುಧಧಾರಿ ಗಂಡಸರದು. ಖಾಲಿ ಮನೆಯನ್ನು ಮಾತ್ರ ಕಂಡ ವಿನ್ಯಾಸ ಅದನ್ನು ಯಾರೂ ಎಂದೂ ಬಾಳದ ಮನೆಯೆಂಬಂತೆ ತೋರಿಸುವ ಅಪಾಯವಿದೆ. ಈ ಸರಣಿಯ ಎರಡನೆಯ ಆವೃತ್ತಿ ಯುದ್ಧದ ನಡುವೆ, ತಂಡದ ಒಂದು ಭಾಗ ಪ್ರಾಗ್ ನಗರಕ್ಕೆ ಸ್ಥಳಾಂತರಗೊಂಡ ಸ್ಥಿತಿಯಲ್ಲಿ ಸಿದ್ಧವಾಗಿ, 2024ರ ನವೆಂಬರಿನಲ್ಲಿ ಪ್ರಕಟವಾಯಿತು. ಅದರ ಶೀರ್ಷಿಕೆಯಲ್ಲಿ ರಷ್ಯನ್ ಉಚ್ಚಾರಣೆಯ ‘ಚೆರ್ನೋಬಿಲ್’ ಬದಲಿಗೆ ಉಕ್ರೇನಿಯನ್ ರೂಪವಾದ ‘ಚೋರ್ನೋಬಿಲ್’ ಬಳಕೆಯಾಗಿದೆ. ಊರನ್ನು ತೊರೆದ ಅನುಭವ ಈಗ ಆಟವನ್ನು ಕಟ್ಟಿದವರದೂ ಆಗಿತ್ತು.

ಪಾಳು ಕಟ್ಟಡದಲ್ಲಿ ಹಂತ ವಿನ್ಯಾಸಕ್ಕೆ ದೊರೆಯುವ ಪಾಠ ಬಿರುಕು ಬಿಟ್ಟ ಗೋಡೆಯ ಬಣ್ಣದಲ್ಲಿಲ್ಲ. ಆ ಗೋಡೆ ಯಾವ ದಾರಿಯನ್ನು ರೂಪಿಸಿತ್ತು, ಆ ದಾರಿಯಲ್ಲಿ ನಡೆದವರು ಯಾರು, ಅವರು ಏಕೆ ಹೊರಟುಹೋದರು ಎಂಬ ಮೂರು ಪ್ರಶ್ನೆಗಳಲ್ಲಿದೆ. ಮೊದಲನೆಯದಕ್ಕೆ ವಿಡಿಯೋ ಆಟಗಳು ಸಮರ್ಥ ಉತ್ತರವನ್ನು ನೀಡಿವೆ. ಉಳಿದೆರಡಕ್ಕೆ ಉತ್ತರ ಹುಡುಕಬೇಕಾದ ಹೊಣೆ ಇನ್ನೂ ಅವುಗಳ ಮುಂದಿದೆ.